ಮಿಕ್ಕಿದ್ದು ದೀಪಾವಳಿಗೆ

ಅಣ್ಣನ ಮಗ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಅವನನ್ನು ನೋಡಲು ಹೋದಾಗ ವಿಮಾನ ಇಳಿದದ್ದು ಮನಾಸ್ ನಿಲ್ದಾಣದಲ್ಲಿ. 'ಯಾರೋ ಇದು ಮನಾಸ್? ಇಲ್ಲಿನ ಹಳೇ ಪ್ರೆಸಿಡೆಂಟಾ?' ಅಂದೆ. 'ಅಯ್ಯೋ ಚಿಕ್ಕಪ್ಪ, ಇವರಿಗೆ ರಾಮ, ಭೀಮ ಎಲ್ಲಾ ಅವನೇ' ಅಂತ ನಕ್ಕ.

ಎರಡು ದಿನ ಬಿಟ್ಟು ಒಂದು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದ. ಬಿಳಿ ಉಣ್ಣೆಯ ಟೋಪಿ ಹಾಕಿದ್ದ ಹುಡುಗನೊಬ್ಬ ಬಂದು ಕುಳಿತ. ತಂಬೂರಿ ಇಲ್ಲ, ತಾಳ ಇಲ್ಲ, ಎದುರಿಗೆ ಪುಸ್ತಕವೂ ಇಲ್ಲ. ಇದ್ದದ್ದು ದನಿ, ಎರಡು ಕೈ. ಮೆಲ್ಲಗೆ ಶುರು ಮಾಡಿದವನು ಆಮೇಲೆ ಹಿಡಿತಕ್ಕೆ ಸಿಗಲಿಲ್ಲ. ಏಳೆಂಟು ಅಕ್ಷರದ ಪುಟ್ಟ ಪುಟ್ಟ ಸಾಲುಗಳು ಕುದುರೆ ಓಡಿದ ಹಾಗೆ. ಅವನ ಕಣ್ಣು ನಮ್ಮ ತಲೆಗಳನ್ನು ದಾಟಿ ಇನ್ನೇನನ್ನೋ ನೋಡುತ್ತಿತ್ತು. ಮನಾಸ್ ಅನ್ನೋದೊಂದು ಬಿಟ್ಟರೆ ನನಗೆ ಒಂದು ಪದವೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥ ಹಾಡುಗಾರರಿಗೆ ಮನಾಸ್ಚಿ ಅಂತಾರೆ. ಹಿರಿಯರ ಹತ್ತಿರ ಕೂತು ಕೇಳಿ ಕಲಿಯುವುದು ಹೌದು. ಆದರೆ ಹೇಗೆ ಕಲಿತಿರಿ ಅಂದರೆ ಬಹಳ ಮಂದಿ ಹೇಳುವುದು ಕನಸಿನ ಕಥೆ. ಮನಾಸನೋ ಅವನ ಕಡೆಯ ವೀರರೋ ಕನಸಲ್ಲಿ ಬಂದು 'ಹಾಡು' ಅಂತ ಅಪ್ಪಣೆ ಕೊಡುತ್ತಾರಂತೆ. ಒಲ್ಲೆ ಅಂದರೆ ಕಾಯಿಲೆ ಬೀಳುತ್ತಾರಂತೆ.

ಕಥೆ ಮೂರು ತಲೆಮಾರಿನದು: ಮನಾಸ್, ಮಗ ಸೆಮೆತೆಯ್, ಮೊಮ್ಮಗ ಸೆಯ್ತೆಕ್. ಸಯಾಕ್‌ಬಾಯ್ ಕರಲಾಯೆವ್ (1894–1971) ಮೂರನ್ನೂ ಹೇಳಿ ಬರೆಸಿದರು. ಸುಮಾರು 5 ಲಕ್ಷ ಸಾಲು! ಮಹಾಭಾರತ ಲಕ್ಷ ಶ್ಲೋಕ ಅಂತೀವಲ್ಲ, ಶ್ಲೋಕಕ್ಕೆ ಎರಡು ಸಾಲು ಅಂತ ಹಿಡಿದರೂ ಇದು ಅದರ ಎರಡೂವರೆ ಪಟ್ಟು. ಅಲ್ಲಿನ 500 ಸೋಮ್ ನೋಟಿನ ಮೇಲೆ ಅವರ ಚಿತ್ರವಿದೆ. ಕಥೆ ಹಾಡುವವನನ್ನು ನೋಟಿನ ಮೇಲೆ ಕೂರಿಸಿದ ದೇಶ ಅಂತ ಒಂದು ನೋಟು ಖರ್ಚು ಮಾಡದೆ ತಂದಿಟ್ಟುಕೊಂಡಿದ್ದೇನೆ.

ಆದರೆ ಊರಿಗೆ ಬಂದು ಓದಿಕೊಂಡಾಗ ನನ್ನ ತಲೆ ಕೊರೆದದ್ದು ಅವರಿಗಿಂತ ಹಿರಿಯರಾದ ಸಾಗಿಂಬಾಯ್ ಒರೊಜ್‌ಬಾಕೊವ್. 1922ರಿಂದ 1926ರವರೆಗೆ ಅವರು ಹೇಳುತ್ತಾ ಹೋದರು, ಎದುರು ಕೂತವರು ಬರೆದುಕೊಳ್ಳುತ್ತಾ ಹೋದರು. ಸುಮಾರು 1 ಲಕ್ಷ 80 ಸಾವಿರ ಸಾಲಾಯಿತು. ಅಷ್ಟೂ ಬರೀ ಮನಾಸನ ಭಾಗ. ಮಗನ ಕಥೆ, ಮೊಮ್ಮಗನ ಕಥೆ ಅವರ ಬಾಯಲ್ಲೇ ಉಳಿದವು. 1930ರಲ್ಲಿ ಅವರು ತೀರಿಕೊಂಡರು. ಬೇರೆಯವರು ಹೇಳಿದ ಸೆಮೆತೆಯ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಒಬ್ಬ ಮನಾಸ್ಚಿಯ ಹಾಗೆ ಇನ್ನೊಬ್ಬ ಹೇಳುವುದಿಲ್ಲ. ಹೋದದ್ದು ಸಾಗಿಂಬಾಯ್ ಅವರ ಸೆಮೆತೆಯ್.

ನನ್ನ ಹತ್ತಿರ ಅಮ್ಮನ ಬೀಸುವ ಪದದ ಕ್ಯಾಸೆಟ್ ಒಂದಿದೆ. ಅರವತ್ತು ನಿಮಿಷದ್ದು. ಪದ ಮುಗಿಯುವ ಮೊದಲೇ ಕ್ಯಾಸೆಟ್ ಮುಗಿದಿತ್ತು. 'ಇನ್ನೊಂದು ತಗೊಂಬಾರೋ, ಮಿಕ್ಕಿದ್ದು ದೀಪಾವಳಿಗೆ ಹೇಳ್ತೀನಿ' ಅಂದಿದ್ದಳು. ಆ ದೀಪಾವಳಿಗೆ ರಜ ಸಿಗಲಿಲ್ಲ. ಮುಂದಿನ ದೀಪಾವಳಿಗೆ ಹೋದಾಗ ಪಾರ್ಶ್ವವಾಯು ಹೊಡೆದು ಅಮ್ಮನ ಮಾತೇ ನಿಂತಿತ್ತು. ಹೊಸ ಕ್ಯಾಸೆಟ್ ರ್‍ಯಾಪರ್ ಕೂಡ ಬಿಚ್ಚದೆ ಬೀರುವಿನಲ್ಲಿ ಹಾಗೇ ಇದೆ.

ಮೊನ್ನೆ ಹುಡುಗ ಫೋನ್ ಮಾಡಿದಾಗ ಕೇಳಿದೆ:

'ಅವತ್ತಿನ ಆ ಹುಡುಗ ಸೆಮೆತೆಯ್ ಹೇಳ್ತಾನೇನೋ?'

'ಹೇಳ್ತಾನಿರಬೇಕು. ಯಾಕೆ ಚಿಕ್ಕಪ್ಪ, ನಿಮಗೆ ಅರ್ಥವೇ ಆಗಲ್ವಲ್ಲ!'

'ಆಗದಿದ್ರೆ ಬೇಡ. ಹೋಗಿ ಪೂರ್ತಿ ರೆಕಾರ್ಡ್ ಮಾಡಿ ಕಳಿಸು' ಅಂದೆ.