ಏಳು ಮೀಟರ್ ಸರೋವರ, ಆರುನೂರು ಮೀಟರ್ ಗಡಿಯಾರ

ಟೋಕಿಯೋದ ಶಿಂಜುಕು ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಡುವ 'ಅಜುಸಾ' ಎಕ್ಸ್‌ಪ್ರೆಸ್ ರೈಲು ಮಹಾನಗರದ ಗದ್ದಲವನ್ನು ಹಿಂದೆ ಬಿಟ್ಟು, ಸುರಂಗಗಳನ್ನು ದಾಟಿ, ಬೆಟ್ಟಗಳ ನಡುವೆ ಏರುತ್ತ ಸಾಗುತ್ತದೆ. ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಕಾಮಿ-ಸುವಾ ನಿಲ್ದಾಣ ಬರುತ್ತದೆ. ಇಲ್ಲಿ ಇಳಿದವರಿಗೆ ಮೊದಲ ಅಚ್ಚರಿ ಪ್ಲಾಟ್‌ಫಾರ್ಮಿನ ಮೇಲೆಯೇ ಕಾದಿರುತ್ತದೆ. ಅದು ಬಿಸಿನೀರಿನ ಬುಗ್ಗೆಯಿಂದ ನೀರು ತಂದು ಕಟ್ಟಿದ ಕಾಲುತೊಟ್ಟಿ. ಬೂಟು ಕಳಚಿ ಕಾಲು ಇಳಿಬಿಟ್ಟು ಕುಳಿತರೆ ಪ್ರಯಾಣದ ದಣಿವೆಲ್ಲ ಮಾಯ.

ಎರಡನೆಯ ಅಚ್ಚರಿ ಊರಿನ ಮಗ್ಗುಲಲ್ಲಿರುವ ಸುವಾ ಸರೋವರ. ಸಮುದ್ರಮಟ್ಟದಿಂದ 759 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳಿರುವ ಈ ಸರೋವರದ ದಡದ ಸುತ್ತಳತೆ ಸುಮಾರು 16 ಕಿಲೋಮೀಟರ್. ಆದರೆ ಅದರ ಅತಿ ಹೆಚ್ಚಿನ ಆಳ ಸುಮಾರು 7 ಮೀಟರ್ ಮಾತ್ರ! ಈ ಊರಿರುವ ನಾಗಾನೋ ಪ್ರಾಂತಕ್ಕೆ ಒಂದಡಿ ಸಮುದ್ರತೀರವೂ ಇಲ್ಲ. ಹೀಗಿದ್ದರೂ 600 ಮೀಟರ್ ಆಳದ ಕಡಲಿಗೆ ಇಳಿಯಬಲ್ಲ ಕೈಗಡಿಯಾರ 1975ರಲ್ಲಿ ರೂಪುಗೊಂಡದ್ದು ಈ ಸರೋವರದ ದಡದಲ್ಲೇ.

ಮಿಸೋ ಉಗ್ರಾಣದಿಂದ ಗಡಿಯಾರದವರೆಗೆ

ಸುವಾದ ಜನ ಲೆಕ್ಕ ಇಡುವುದರಲ್ಲಿ ಗಟ್ಟಿಗರು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ. ರಾತ್ರಿಯ ಚಳಿಗೆ ಹಿಮದ ಹಾಳೆ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ತುಂಬಿದ ನೀರೂ ಗಟ್ಟಿಯಾಗುತ್ತದೆ. ಹಗಲಿನ ಬಿಸಿಲಿಗೆ ಹಾಳೆ ಮತ್ತೆ ಹಿಗ್ಗಿದಾಗ ಜಾಗ ಸಾಲದೆ ಹಿಮ ಏರಿಯಂತೆ ಮೇಲೇಳುತ್ತದೆ. ದೇವರು ದೇವಿಯನ್ನು ಕಾಣಲು ಸರೋವರ ದಾಟಿ ಹೋದ ಹಾದಿ ಅದೆಂದು ಊರವರ ನಂಬಿಕೆ. ಅದು ಕಾಣಿಸಿತೇ ಇಲ್ಲವೇ ಎಂಬುದನ್ನು ಇಲ್ಲಿನ ಗುಡಿಯ ಅರ್ಚಕರು 1443ರಿಂದ ದಾಖಲಿಸುತ್ತ ಬಂದಿದ್ದಾರೆ. ಇಂದು ಹವಾಮಾನ ವಿಜ್ಞಾನಿಗಳಿಗೆ ಆ ಬರಹಗಳು ಅಮೂಲ್ಯ ಆಕರವಾಗಿವೆ. ಇತ್ತೀಚಿನ ದಶಕಗಳಲ್ಲಿ ಹಿಮದ ಹಾದಿ ಮೂಡದ ವರ್ಷಗಳೇ ಹೆಚ್ಚು.

ಹಿಂದೆ ಈ ಸೀಮೆ ರೇಷ್ಮೆ ನೂಲು ತೆಗೆಯುವುದಕ್ಕೆ ಹೆಸರಾಗಿತ್ತು. ರೇಷ್ಮೆಯ ಕಾಲ ಇಳಿಮುಖವಾದ ಮೇಲೆ, 1942ರಲ್ಲಿ ಹಿಸಾಓ ಯಾಮಾಝಾಕಿ ಎಂಬುವರು ಮಿಸೋ, ಅಂದರೆ ಸೋಯಾ ಕಾಳಿನ ಹುದುಗು, ಇಡುತ್ತಿದ್ದ ಹಳೆಯ ಉಗ್ರಾಣವೊಂದನ್ನು ಸರಿಪಡಿಸಿ ಗಡಿಯಾರದ ಬಿಡಿಭಾಗಗಳ ಕೆಲಸ ಆರಂಭಿಸಿದರು. ಅದೇ ಬೆಳೆದು 1959ರಲ್ಲಿ 'ಸುವಾ ಸೈಕೋಶಾ' ಆಯಿತು. ಜಗತ್ತಿನ ಮೊದಲ ಕ್ವಾರ್ಟ್ಸ್ ಕೈಗಡಿಯಾರ 'ಆಸ್ಟ್ರಾನ್' 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಬಂದದ್ದು ಈ ಊರಿನವರ ದುಡಿಮೆಯ ಫಲ. ಆ ಸಂಸ್ಥೆಯ ಇಂದಿನ ರೂಪವೇ ಪ್ರಿಂಟರುಗಳಿಂದ ಮನೆಮಾತಾಗಿರುವ ಸೈಕೋ ಎಪ್ಸನ್.

ಕುರೆಯಿಂದ ಬಂದ ಕಾಗದ

1968ರಲ್ಲಿ ಸೈಕೋ ಸಂಸ್ಥೆಗೆ ಒಂದು ಕಾಗದ ಬಂತು. ಬರೆದವರು ಹಿರೋಶಿಮಾ ಪ್ರಾಂತದ ಕುರೆ ಎಂಬ ಬಂದರು ನಗರದ ಒಬ್ಬ ವೃತ್ತಿಪರ ಮುಳುಗುಗಾರ. 300 ಮೀಟರಿಗಿಂತ ಆಳದಲ್ಲಿ ನಡೆಯುವ ತಮ್ಮಂಥವರ ಕೆಲಸಕ್ಕೆ ಈಗ ಸಿಗುವ ಗಡಿಯಾರಗಳು ತಾಳುವುದಿಲ್ಲ ಎಂಬುದು ಅದರ ಸಾರಾಂಶ. ಸಂಸ್ಥೆ ಆಗಷ್ಟೇ 300 ಮೀಟರ್ ಗಡಿಯಾರವನ್ನು ಹೆಮ್ಮೆಯಿಂದ ಹೊರತಂದಿತ್ತು. ಕಾಗದವನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು, ಹಾಕಲಿಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಲು ಏಳು ವರ್ಷ ಹಿಡಿಯಿತು.

ಮುಳುಗುಗಾರನಿಗೆ ಗಡಿಯಾರ ಏಕೆ ಅಷ್ಟು ಮುಖ್ಯ? ಗೋಲಿ ಸೋಡಾ ಒಡೆಯುವುದನ್ನು ನೆನಪಿಸಿಕೊಂಡರೆ ಸಾಕು. ಒತ್ತಡದಲ್ಲಿ ನೀರಿನೊಳಗೆ ಕರಗಿದ್ದ ಅನಿಲ, ಒತ್ತಡ ಹೋದ ಕೂಡಲೇ ನೊರೆಯಾಗಿ ಉಕ್ಕುತ್ತದೆ. ಆಳದಲ್ಲಿ ಉಸಿರಾಡುವವನ ರಕ್ತದಲ್ಲೂ ಹಾಗೆಯೇ ಅನಿಲ ಕರಗುತ್ತದೆ. ಎಷ್ಟು ಹೊತ್ತು ಕೆಳಗಿದ್ದನೋ ಅದಕ್ಕೆ ತಕ್ಕಂತೆ ನಿಧಾನವಾಗಿ, ತಂಗಿ ತಂಗಿ ಮೇಲೇರಬೇಕು. ಅವಸರಪಟ್ಟರೆ ಮೈಯೊಳಗೆ ಗುಳ್ಳೆಗಳೆದ್ದು ಪಾರ್ಶ್ವವಾಯು ಬಡಿಯಬಹುದು, ಜೀವವೇ ಹೋಗಬಹುದು. ಅಲ್ಲಿ ನಿಮಿಷದ ಲೆಕ್ಕವೆಂದರೆ ಜೀವದ ಲೆಕ್ಕ.

ಬಹಳ ಆಳದಲ್ಲಿ ದುಡಿಯುವವರು ದಿನಗಟ್ಟಲೆ ಒತ್ತಡದ ಕೋಣೆಯಲ್ಲೇ ವಾಸಿಸುತ್ತಾರೆ. ಅಲ್ಲಿ ಉಸಿರಾಡಲು ಹೀಲಿಯಂ ಬೆರೆಸಿದ ಅನಿಲ ಕೊಡುತ್ತಾರೆ. ಹೀಲಿಯಂ ಕಣ ಎಷ್ಟು ಸಣ್ಣದೆಂದರೆ ನೀರು ನುಸುಳದ ರಬ್ಬರ್ ಸೀಲಿನಲ್ಲೂ ಅದು ನುಸುಳಿ ಗಡಿಯಾರದೊಳಗೆ ಸೇರುತ್ತದೆ. ಹೊರಗಿನ ಒತ್ತಡ ಇಳಿಸಿದಾಗ ಒಳಗಿನ ಹೀಲಿಯಂ ಬೇಗ ಹೊರಬರಲಾರದೆ ಗಾಜನ್ನೇ ಕಿತ್ತೆಸೆಯುತ್ತದೆ. ಈ ತೊಂದರೆಗೆ ಸ್ವಿಟ್ಜರ್ಲೆಂಡಿನವರು ಕಂಡುಕೊಂಡ ದಾರಿ ಹೀಲಿಯಂ ಹೊರಬಿಡುವ ಪುಟ್ಟ ಕವಾಟ. ಸುವಾದ ಎಂಜಿನಿಯರ್ ಇಕುಓ ತೊಕುನಾಗ ಮತ್ತು ಸಂಗಡಿಗರದು ಬೇರೆ ದಾರಿ. ಹೀಲಿಯಂ ಒಳಬರದಂತೆಯೇ ತಡೆಯೋಣ ಎಂದು ಅವರು ಹಿಂಬದಿಯ ಮುಚ್ಚಳವೇ ಇಲ್ಲದ ಒಂದೇ ತುಂಡಿನ ಕವಚ ಮಾಡಿ, ಗಾಜಿನ ಸುತ್ತ ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದ ಸೀಲ್ ಕೂರಿಸಿದರು.

600 ಮೀಟರ್ ಆಳವೆಂದರೆ ಎಷ್ಟು ಭಾರ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರಿನ ಭಾರ ಸುಮಾರು 60 ಕಿಲೋ. 3 ಸೆಂಟಿಮೀಟರ್ ವ್ಯಾಸದ ಗಾಜಿನ ಕ್ಷೇತ್ರಫಲ ಸುಮಾರು 7 ಚದರ ಸೆಂಟಿಮೀಟರ್. ಅಂದರೆ ಆ ಪುಟ್ಟ ಗಾಜಿನ ಮೇಲೆ 420 ಕಿಲೋ, ಐವತ್ತು ಕಿಲೋದ ಅಕ್ಕಿ ಮೂಟೆಗಳು ಎಂಟಕ್ಕೂ ಮಿಗಿಲು!

ಪಟ್ಟಿಯ ಪಾಠ

ಗಾಜು, ಸೀಲುಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆದರೆ ಕೈಯಲ್ಲಿ ಸರಿಯಾಗಿ ನಿಲ್ಲದ ಗಡಿಯಾರ ಎಷ್ಟು ಗಟ್ಟಿಯಿದ್ದರೇನು? ಸುವಾದವರ ಜಾಣ್ಮೆ ಎದ್ದು ಕಾಣುವುದು ಪಟ್ಟಿಯಲ್ಲಿ.

ಮುಳುಗುಗಾರರು ತೊಡುವ ವೆಟ್‌ಸೂಟ್ ಸಾವಿರಾರು ಪುಟ್ಟ ಅನಿಲಗುಳ್ಳೆಗಳಿರುವ ರಬ್ಬರಿನದು. ಬಾಯ್ಲನ ನಿಯಮದಂತೆ ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುತ್ತದೆ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿ, 30 ಮೀಟರ್ ಇಳಿದರೆ ನಾಲ್ಮಡಿ. ಗುಳ್ಳೆಗಳು ಕುಗ್ಗಿದಂತೆ ಸೂಟು ತೆಳುವಾಗುತ್ತದೆ. ಅದು ಬರೀ 2 ಮಿಲಿಮೀಟರ್ ತೆಳುವಾಯಿತು ಎಂದುಕೊಳ್ಳೋಣ. ಮಣಿಕಟ್ಟಿನ ತ್ರಿಜ್ಯ 2 ಮಿ.ಮೀ. ಕಡಿಮೆಯಾದರೆ ಸುತ್ತಳತೆ 2 × 3.14 × 2, ಅಂದರೆ ಸುಮಾರು 12.5 ಮಿ.ಮೀ. ಕಡಿಮೆಯಾಗುತ್ತದೆ. ದೋಣಿಯಲ್ಲಿ ಬಿಗಿಯಾಗಿ ಕಟ್ಟಿಕೊಂಡ ಗಡಿಯಾರ ಆಳದಲ್ಲಿ ಬಳೆಯಂತೆ ತಿರುಗತೊಡಗುತ್ತದೆ. ಮುಖ ಕೆಳಗಾದರೆ ಸಮಯ ಕಾಣಿಸದು, ಬಂಡೆಗೆ ಸಿಕ್ಕಿಕೊಂಡರೆ ಗಡಿಯಾರವೇ ಕೈಬಿಡಬಹುದು.

ಇದಕ್ಕೆ ಕಂಡುಕೊಂಡ ಉಪಾಯ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ಪಟ್ಟಿ. ದಡದಲ್ಲಿ ಸ್ವಲ್ಪ ಎಳೆದು ಕಟ್ಟಿಕೊಂಡರೆ ಮಡಿಕೆಗಳು ಬಿಡಿಸಿಕೊಳ್ಳುತ್ತವೆ. ಆಳಕ್ಕಿಳಿದು ಸೂಟು ತೆಳುವಾದಂತೆ ಅವು ತಾವಾಗಿ ಮತ್ತೆ ಮುದುಡಿ ಬಿಗಿಯನ್ನು ಕಾಯುತ್ತವೆ. ಮೇಲೆ ಬರುವಾಗ ಮತ್ತೆ ಸಡಿಲ. ಕೊಂಡಿ ಮುಟ್ಟಬೇಕಿಲ್ಲ, ಕೈ ನೋಯುವುದಿಲ್ಲ. ಈ ಬಗೆಯ ಪಟ್ಟಿ ಇಂದಿಗೂ ತಯಾರಾಗುತ್ತಿದೆ. ಲೋಹದ ಸರಪಟ್ಟಿಯಿರುವ ಇಂದಿನ ಹಲವು ಗಡಿಯಾರಗಳಲ್ಲಿ ಸೂಟಿನ ಮೇಲೆ ತೊಡಲೆಂದು ಕೊಂಡಿಯೊಳಗೆ ಮಡಚಿಟ್ಟ ಹೆಚ್ಚುವರಿ ತುಂಡು ಇರುತ್ತದೆ.

ಕವಚಕ್ಕೆ ಉಕ್ಕಿನ ಬದಲು ಟೈಟೇನಿಯಂ ಬಳಸಿದರು. ಮುಳುಗು ಗಡಿಯಾರಕ್ಕೆ ಈ ಲೋಹ ಬಂದದ್ದು ಇದೇ ಮೊದಲು. ಉಕ್ಕಿನ ಸಾಂದ್ರತೆ ಸುಮಾರು 7.9, ಟೈಟೇನಿಯಂನದು 4.5. ಅದೇ ಗಾತ್ರಕ್ಕೆ ತೂಕ ಸುಮಾರು ಅರ್ಧದಷ್ಟು. ಉಪ್ಪುನೀರಿಗೆ ತುಕ್ಕು ಹಿಡಿಯದು, ಶಾಖ ನಿಧಾನವಾಗಿ ಹರಿಯುವುದರಿಂದ ಚರ್ಮಕ್ಕೆ ತಣ್ಣಗೆ ಚುಚ್ಚದು. ತೂಕವಷ್ಟೇ ಅಲ್ಲ, ಎತ್ತರವೂ ಮುಖ್ಯ. ಹುಲ್ಲಿನ ಹೊರೆ ಎತ್ತರಕ್ಕೆ ಪೇರಿಸಿದ ಗಾಡಿ ವಾಲುವಂತೆ, ಗುರುತ್ವಕೇಂದ್ರ ಮೇಲಿರುವ ಗಡಿಯಾರವೂ ಕೈಯ ಪಕ್ಕಕ್ಕೆ ವಾಲುತ್ತದೆ. ಕೀ ಕೊಡುವ ತಿರುಪನ್ನು 3ರ ಬದಲು 4ರ ಬಳಿ ಇಟ್ಟದ್ದೂ ಸುಖಕ್ಕಾಗಿಯೇ. ಕೈ ಹಿಂದಕ್ಕೆ ಬಾಗಿಸಿದಾಗ ಅದು ಅಂಗೈ ಹಿಂಬದಿಗೆ ಒತ್ತುವುದಿಲ್ಲ. ಪೆಟ್ಟು ತಡೆಯಲು ಸುತ್ತ ಹೊರಕವಚ ಬಂತು. ನೋಡಲು ಚೆಂದವೇನಲ್ಲ, ಅಭಿಮಾನಿಗಳೇ ಅದಕ್ಕೆ 'ಟ್ಯೂನಾ ಮೀನಿನ ಡಬ್ಬಿ' ಎಂದು ಹೆಸರಿಟ್ಟರು.

ತಪ್ಪಿದರೂ ಜೀವದ ಕಡೆಗೆ

ಇಂದಿನ ಮುಳುಗು ಗಡಿಯಾರಗಳಿಗೆ 'ಐಎಸ್‌ಒ 6425' ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕನಿಷ್ಠ 100 ಮೀಟರ್ ಆಳದ ಒತ್ತಡ ತಾಳಬೇಕು, ಅದೂ ಶೇಕಡಾ 25ರಷ್ಟು ಹೆಚ್ಚುವರಿ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಕಾಣಬೇಕು, ಗಡಿಯಾರ ನಡೆಯುತ್ತಿದೆಯೆಂದೂ ತಿಳಿಯಬೇಕು. ಪಟ್ಟಿಯ ಜೋಡಣೆ 200 ನ್ಯೂಟನ್, ಅಂದರೆ ಸುಮಾರು 20 ಕಿಲೋ ತೂಕದ ಎಳೆತಕ್ಕೆ ಕಳಚಬಾರದು.

ಈ ಗಡಿಯಾರದ ಅತಿ ಸರಳ, ಅತಿ ಜಾಣ ಭಾಗ ಬೆಜೆಲ್ ಎಂಬ ಹೊರಬಳೆ. ನೀರಿಗಿಳಿಯುವಾಗ ಅದರ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಮುಂದೆ ಕಳೆದ ನಿಮಿಷಗಳು ನೇರವಾಗಿ ಓದಲು ಸಿಗುತ್ತವೆ. ಬಳೆ ಅಪ್ರದಕ್ಷಿಣವಾಗಿ ಮಾತ್ರ ತಿರುಗುತ್ತದೆ. ಏಕೆ? ಬಂಡೆಗೆ ತಾಗಿ ಅಕಸ್ಮಾತ್ ಸರಿದರೂ ಅದು ಕಳೆದ ಸಮಯವನ್ನು ಹೆಚ್ಚಾಗಿಯೇ ತೋರಿಸುತ್ತದೆ, ಎಂದೂ ಕಡಿಮೆ ತೋರಿಸದು. ಮುಳುಗುಗಾರ ಐದು ನಿಮಿಷ ಮೊದಲೇ ಮೇಲೆ ಹೊರಡುತ್ತಾನೆ, ಅಷ್ಟೇ ನಷ್ಟ. ತಪ್ಪಾದರೂ ಜೀವ ಉಳಿಸುವ ಕಡೆಗೇ ತಪ್ಪಬೇಕು ಎಂಬ ಈ ತತ್ವ ಎಲ್ಲ ಯಂತ್ರಗಳಿಗೂ ಮಾದರಿ.

ಇಂದು ಹೆಚ್ಚಿನ ಮುಳುಗುಗಾರರು ಆಳ, ಸಮಯ ಎರಡನ್ನೂ ಲೆಕ್ಕ ಹಾಕುವ ಡೈವ್ ಕಂಪ್ಯೂಟರ್ ನಂಬುತ್ತಾರೆ. ಅದರ ಬ್ಯಾಟರಿ ಕೈಕೊಟ್ಟರೆ ಇರಲಿ ಎಂದು ಗಡಿಯಾರ ಕಟ್ಟುವವರೂ ಇದ್ದಾರೆ.

ಇಲ್ಲಿ ತಂದೆತಾಯಿಯರಿಗೆ ಒಂದು ಮಾತು. ಮಕ್ಕಳಿಗೆ ಕೊಡಿಸುವ ಗಡಿಯಾರದ ಮೇಲೆ 'ವಾಟರ್ ರೆಸಿಸ್ಟೆಂಟ್ 30 ಮೀಟರ್' ಎಂದಿದ್ದರೆ ಅದನ್ನು ಕಟ್ಟಿಕೊಂಡು ಬಾವಿಗೆ ಧುಮುಕಬಹುದೆಂದು ಅರ್ಥವಲ್ಲ. ಮಳೆಹನಿ, ಕೈತೊಳೆಯುವ ನೀರಿಗೆ ಮಾತ್ರ ಅದು ಸರಿ. ಈಜಲು 100 ಮೀಟರಿನದೇ ಕ್ಷೇಮ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮುಳುಗಲು ಹೋಗುವ ಯುವಕರು ಮುಳುಗು ಗಡಿಯಾರವನ್ನೇ ಕಟ್ಟಬೇಕು, ತಿರುಪು ಬಿಗಿಯಾಗಿದೆಯೇ ನೋಡಿಕೊಳ್ಳಬೇಕು, ಮೇಲೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಕೊಳ್ಳುವಾಗ ಬೆಲೆ, ಬಣ್ಣಗಳ ಜೊತೆಗೆ ಕೈಗೆ ಹೊಂದುತ್ತದೆಯೇ ಎಂದೂ ನೋಡಬೇಕು. ಪಟ್ಟಿ ಕೂರುವ ಕೊಂಬುಗಳು ಮಣಿಕಟ್ಟಿನ ಅಗಲ ಮೀರಿ ಹೊರಚಾಚಿದರೆ ಅದು ಆ ಕೈಯ ಗಡಿಯಾರವಲ್ಲ.

ಕಾಮಿ-ಸುವಾದಿಂದ ರೈಲಿನಲ್ಲಿ ಮುಂದಿನ ನಿಲ್ದಾಣವೇ ಶಿಮೋ-ಸುವಾ. ಅಲ್ಲಿನ ಗಡಿಯಾರ ಸಂಗ್ರಹಾಲಯದಲ್ಲಿ, ಹನ್ನೊಂದನೆಯ ಶತಮಾನದ ಚೀನಾದ ಸು ಸಾಂಗ್ ಕಟ್ಟಿಸಿದ ನೀರಿನಿಂದ ನಡೆಯುವ ಬೃಹತ್ ಗಡಿಯಾರ ಗೋಪುರದ ಪೂರ್ಣಗಾತ್ರದ ಪ್ರತಿಕೃತಿ ಇದೆ. ಬಂದ ಮಕ್ಕಳು ಮೇಜಿನ ಮುಂದೆ ಕುಳಿತು ತಮ್ಮ ಕೈಯಾರೆ ಗಡಿಯಾರ ಜೋಡಿಸಿ ನೋಡಲೂ ಅವಕಾಶವಿದೆ. ಹೊರಬಂದರೆ ಸ್ವಲ್ಪ ದೂರದಲ್ಲಿ ಅದೇ ಏಳು ಮೀಟರಿನ ಸರೋವರ. ಕಡಲನ್ನೇ ಕಾಣದ ಈ ಊರಿನವರಿಗೆ ಕಡಲಿನ ಆಳದ ಕಷ್ಟವನ್ನು ತಿಳಿಸಿದ್ದು ದೂರದ ಕುರೆಯಿಂದ ಬಂದ ಒಂದು ಕಾಗದ.