ರಸ್ತೆಯನ್ನು ಅಂಚಿನಿಂದ ಅಳೆಯೋಣ

ಬೆಂಗಳೂರಿನ ರಸ್ತೆಗಳ ಮಾತು ಬಂದಾಗಲೆಲ್ಲ ಒಬ್ಬರು ಇನ್ನೊಬ್ಬರನ್ನು ದೂರುವುದೇ ಹೆಚ್ಚು. ಬೈಕಿನವರು ಎಲ್ಲೆಂದರಲ್ಲಿ ನುಗ್ಗುತ್ತಾರೆ ಎಂದು ಕಾರಿನವರು, ಆಟೊಗಳು ಕಂಡಕಂಡಲ್ಲಿ ನಿಲ್ಲುತ್ತವೆ ಎಂದು ಬೈಕಿನವರು, ಸೈಕಲ್ಲು ಅಡ್ಡ ಬರುತ್ತದೆ ಎಂದು ಬಸ್ಸಿನ ಚಾಲಕರು, ಇವರಾರೂ ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ನಡೆದು ಹೋಗುವವರು. ಕೊನೆಗೆ ಎಲ್ಲರೂ ಸೇರಿ ಕೊಡುವ ತೀರ್ಪು ಒಂದೇ: ನಮ್ಮ ಜನಕ್ಕೆ ಶಿಸ್ತಿಲ್ಲ. ಈ ತೀರ್ಪನ್ನು ನಾನು ಒಪ್ಪಲಾರೆ. ಇದೇ ಜನ ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣದಲ್ಲಿ ಹಳದಿ ಗೆರೆಯ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಎಸ್ಕಲೇಟರ್ ಏರಿ ಬೀದಿಗೆ ಬರುವಷ್ಟರಲ್ಲಿ ಯಾರ ಸ್ವಭಾವವೂ ಬದಲಾಗುವುದಿಲ್ಲ. ಬದಲಾಗುವುದು ಕಾಲಡಿಯ ನೆಲ. ನಿಲ್ದಾಣದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ನೆಲವೇ ತೋರಿಸುತ್ತದೆ. ಬೀದಿಯಲ್ಲಿ ಹಾಗೆ ತೋರಿಸುವ ನೆಲವಿಲ್ಲ. ನಮ್ಮ ರಸ್ತೆಗಳನ್ನು ನಡುವಿನಿಂದ ಅಂಚಿಗೆ ಅಳೆಯುತ್ತ ಬಂದಿದ್ದೇವೆ: ಮೊದಲು ಮೋಟಾರು ವಾಹನಗಳಿಗೆ, ಉಳಿದರೆ ನಡೆಯುವವರಿಗೆ, ಆಮೇಲೂ ಮಿಕ್ಕರೆ ಸೈಕಲ್ಲಿಗೆ. ಅಂಚಿನಿಂದ ನಡುವಿಗೆ ಅಳೆಯಲು ಶುರುಮಾಡುವವರೆಗೂ ಈ ಜಗಳ ತೀರದು.

ಅಂಚು ಈಗ ಹೇಗಿದೆ ಎಂದು ತಿಳಿಯಲು ಹಳೆಯ ಬಡಾವಣೆಯೊಂದರ ಫುಟ್‌ಪಾತಿನಲ್ಲಿ ನೂರು ಹೆಜ್ಜೆ ಹಾಕಿದರೆ ಸಾಕು. ಎಷ್ಟೋ ಕಡೆ ಫುಟ್‌ಪಾತ್ ಎಂದರೆ ಮೋರಿಯ ಮೇಲೆ ಹಾಸಿದ ಚಪ್ಪಡಿಗಳು. ಒಂದು ಚಪ್ಪಡಿ ಕಾಲಿಟ್ಟರೆ ಅಲುಗುತ್ತದೆ, ಇನ್ನೊಂದು ಮುರಿದು ಮೋರಿಯೊಳಕ್ಕೆ ವಾಲಿದೆ. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಬುಡದಲ್ಲಿ ಸುರುಳಿ ಸುತ್ತಿ ಬಿಟ್ಟ ಕೇಬಲ್ಲು, ಆಮೇಲೆ ಗೇಟಿನೊಳಗೆ ಕಾರು ಹೋಗಲು ಕಟ್ಟಿದ ಇಳಿಜಾರು, ಅದನ್ನು ದಾಟಿದರೆ ಮತ್ತೆ ಹತ್ತಬೇಕಾದ ಎತ್ತರದ ಕಟ್ಟೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಇವೆರಡೂ ಇಲ್ಲದ ಕಡೆ ಮಂಡಿನೋವಿನ ಅಜ್ಜಿ ರಸ್ತೆಗೆ ಇಳಿಯುತ್ತಾರೆ. ಅವರನ್ನು ತಪ್ಪಿಸಲು ಸೈಕಲ್ಲಿನವನು ಒಂದಿಷ್ಟು ಒಳಕ್ಕೆ ಸರಿಯುತ್ತಾನೆ, ಅವನನ್ನು ತಪ್ಪಿಸಲು ಬೈಕು ಇನ್ನಷ್ಟು ಒಳಕ್ಕೆ, ಹಿಂದಿನ ಬಸ್ಸು ಬ್ರೇಕು ಹಾಕುತ್ತದೆ. ಒಂದು ಮುರಿದ ಚಪ್ಪಡಿ ಇಡೀ ರಸ್ತೆಯ ಓಟವನ್ನು ಕೆಡಿಸುವುದು ಹೀಗೆ. ಅಂಚು ಸರಿಯಿಲ್ಲದಿರುವುದರ ನಷ್ಟ ಕಾರಿನವರಿಗೂ ತಟ್ಟುತ್ತದೆ.

ನಡೆಯುವವರಿಗೆ ತಟ್ಟುವುದು ಮಾತ್ರ ಜೀವಕ್ಕೇ ತಟ್ಟುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು; ದಿನಕ್ಕೆ ಸರಾಸರಿ 90 ಜೀವ. ಈ ಸಾವುಗಳಲ್ಲಿ ವೇಗದ ಪಾಲು ದೊಡ್ಡದು. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ, ಚಾಲಕ ಬ್ರೇಕು ಒತ್ತಲು ತಗೊಳ್ಳುವ ಒಂದು ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಹೋಗಿರುತ್ತದೆ. 50ರ ವೇಗದ್ದು ಸುಮಾರು 14 ಮೀಟರ್. ಡಿಕ್ಕಿಯಾದಾಗ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 50ರಲ್ಲಿ ಅದು 30ರಲ್ಲಿದ್ದದ್ದಕ್ಕಿಂತ ಎರಡೂಮುಕ್ಕಾಲು ಪಟ್ಟು. ಜನ ಮತ್ತು ವಾಹನ ಬೆರೆಯುವ ಬೀದಿಗಳಲ್ಲಿ 30ರ ಮಿತಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಒಂದು ಟನ್ನಿಗೂ ಮಿಕ್ಕ ಕಬ್ಬಿಣ ಓಡಿಸುವವರ ಹೊಣೆಯೂ ಬರಿಗಾಲಲ್ಲಿ ನಡೆಯುವವರ ಹೊಣೆಯೂ ಒಂದೇ ತೂಕದ್ದಾಗಲು ಸಾಧ್ಯವಿಲ್ಲ.

ನಡೆಯುವವರು ಸಿಕ್ಕಸಿಕ್ಕಲ್ಲಿ ದಾಟುವುದಿಲ್ಲವೇ, ಸೈಕಲ್ಲುಗಳು ಎದುರು ದಿಕ್ಕಿನಲ್ಲಿ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಅದು ತಪ್ಪು. ಆದರೆ ಆ ತಪ್ಪು ನಡೆಯುವ ಜಾಗವನ್ನೂ ನೋಡಬೇಕು. ಬಸ್ ನಿಲ್ದಾಣ ಒಂದು ಕಡೆ, ಝೀಬ್ರಾ ಪಟ್ಟಿ ಅರ್ಧ ಕಿಲೋಮೀಟರ್ ಆಚೆ ಇದ್ದರೆ ಜನ ನಿಲ್ದಾಣದ ಎದುರಿಗೇ ದಾಟುತ್ತಾರೆ. ಅದಕ್ಕೆ ಸ್ಕೈವಾಕ್ ಕಟ್ಟಿದ್ದೇವಲ್ಲ ಎನ್ನುವುದು ಉತ್ತರವಾಗದು. ಲಾರಿ, ಬಸ್ಸು ಕೆಳಗೆ ಹೋಗಲು ಐದೂವರೆ ಮೀಟರ್ ಎತ್ತರ ಬೇಕು. ಅಂದರೆ ಸುಮಾರು 40 ಮೆಟ್ಟಿಲು ಹತ್ತಿ, ಮತ್ತೆ 40 ಇಳಿಯಬೇಕು. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಇರುವ ತಾಯಿ ಹದಿನೈದು ಮೀಟರ್ ಅಗಲದ ರಸ್ತೆಗಾಗಿ ಅಷ್ಟು ಹತ್ತಲಿ, ಇಂಜಿನಿನ ಬಲದಲ್ಲಿ ಹೋಗುವವರು ಒಂದು ನಿಮಿಷವೂ ನಿಲ್ಲದಿರಲಿ ಎನ್ನುವುದು ನ್ಯಾಯವಲ್ಲ. ನೆಲದ ಮಟ್ಟದಲ್ಲೇ, ಜನ ದಾಟುವ ಕಡೆಯೇ ಸಿಗ್ನಲ್ ಕೊಟ್ಟು ಆಮೇಲೆ ನಿಯಮ ಮುರಿದವರನ್ನು ಕೇಳಿದರೆ, ಆ ಕೇಳುವಿಕೆಗೆ ಬೆಲೆ ಇರುತ್ತದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು: ವಾಹನಗಳಿಗೇ ಜಾಗ ಸಾಲದಿರುವಾಗ ಅಂಚಿಗೆ ಎಲ್ಲಿಂದ ತರುವುದು? ನೀರಿನ ಪೈಪು ಒಂದೆಡೆ ಎಷ್ಟೇ ದಪ್ಪವಿರಲಿ, ಹರಿಯುವುದು ಅದರ ಅತಿ ಕಿರಿದಾದ ಭಾಗ ಬಿಟ್ಟಷ್ಟೇ. ನಮ್ಮ ರಸ್ತೆಗಳೂ ಹಾಗೆ. ನೂರು ಮೀಟರಿನಲ್ಲಿ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತವೆ. ಹಿಗ್ಗಿದ ಕಡೆ ಸಿಗುವ ಹೆಚ್ಚುವರಿ ಅಗಲದಲ್ಲಿ ವಾಹನ ಓಡುವುದಿಲ್ಲ, ನಿಲ್ಲುತ್ತದೆ. ಅದನ್ನು ಫುಟ್‌ಪಾತಿಗೆ ಕೊಟ್ಟರೆ ಓಡಾಟಕ್ಕೆ ನಷ್ಟವಿಲ್ಲ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಮಾಡಿದ್ದು ಇದನ್ನೇ: ವಾಹನಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಕೊಳವೆ, ಕೇಬಲ್ಲುಗಳನ್ನು ನೆಲದಡಿಯ ನಾಳಗಳಿಗೆ ಸೇರಿಸಿ, ಅಂಚನ್ನು ಅಗಲ ಮಾಡಿದರು. ಇವತ್ತು ಅಲ್ಲಿ ಇಬ್ಬರು ಮಾತಾಡಿಕೊಂಡು ಜೊತೆಜೊತೆಯಾಗಿ ನಡೆಯಬಹುದು.

ಸೈಕಲ್ ಓಡಿಸುವವರು ಎಷ್ಟು ಜನ ಎಂಬ ಪ್ರಶ್ನೆಗೆ 2011ರ ಜನಗಣತಿಯಲ್ಲಿ ಉತ್ತರವಿದೆ. ಬೇಸಾಯ, ಮನೆಕಸುಬು ಬಿಟ್ಟು ಬೇರೆ ಕೆಲಸ ಮಾಡುವ ಭಾರತೀಯರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನಲ್ಲಿ, 22ಕ್ಕೂ ಹೆಚ್ಚು ಮಂದಿ ನಡೆದು ಕೆಲಸಕ್ಕೆ ಹೋಗುತ್ತಿದ್ದರು. ನಗರದಲ್ಲಿ ಸೈಕಲ್ ಕಣ್ಣಿಗೆ ಬೀಳದಿದ್ದರೆ ಬೇಡವಾಗಿದೆ ಎಂದಲ್ಲ, ಭಯವಾಗಿದೆ ಎಂದು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಜಾಗ ತೆಗೆದುಕೊಂಡಿತು. ಗೆರೆ ಎಳೆದು ಬಿಟ್ಟರೆ ಪಥ ಉಳಿಯದು, ಅದಕ್ಕೆ ಕಲ್ಲಿನ ಕಟ್ಟೆ ಬೇಕು ಎಂಬುದೇ ಅದರಿಂದ ಕಲಿಯಬೇಕಾದ ಪಾಠ.

ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಹಕ್ಕು ಎಂದ ಮೇಲೆ ಅದು ಉಳಿದ ಜಾಗದಲ್ಲಿ ಕೊಡುವಂಥದ್ದಲ್ಲ. ಆದ್ದರಿಂದ ಮುಂದಿನ ಸಲ ನಮ್ಮ ಬೀದಿಗೆ ಡಾಂಬರು ಹಾಕಲು ಬಂದಾಗ, ಅಳತೆಯ ಟೇಪಿನ ಸೊನ್ನೆಯನ್ನು ಕಾಂಪೌಂಡ್ ಗೋಡೆಗೆ ಹಿಡಿಯಿರಿ ಎಂದು ವಾರ್ಡಿನವರೆಲ್ಲ ಕೇಳಬೇಕು. ಮೊದಲ 1.8 ಮೀಟರ್ ನಡೆಯುವವರಿಗೆ. ಅದರಾಚೆ ಮರಕ್ಕೆ, ದೀಪದ ಕಂಬಕ್ಕೆ, ಜಾಗವಿದ್ದಲ್ಲಿ ಸೈಕಲ್ಲಿಗೆ. ಇಲ್ಲದಲ್ಲಿ ಸೈಕಲ್ಲಿಗೆ ಹೆದರಿಕೆಯಾಗದ 30ರ ವೇಗ. ಅಲ್ಲಿಂದಾಚೆಗೆ ಬಸ್ಸು, ಆಟೊ, ಕಾರು. ಅಜ್ಜಿ ಅಂಚಿನಲ್ಲೇ ನಡೆದು ಹೋದರೆ ಬಸ್ಸಿಗೂ ಬ್ರೇಕು ಹಾಕುವ ಪ್ರಮೇಯ ಬರುವುದಿಲ್ಲ.