ಕಾತ್ಯಾಯಿನಿಯ ಪಕ್ಷ

ಕಾದಂಬರಿ ಓದುವ ನಾಲ್ಕು ಜನ ಸೇರಿದ ಕಡೆ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ ಹೆಸರೆತ್ತಿ ನೋಡಿ. ಕಾಫಿ ಬರುವ ಹೊತ್ತಿಗೆ ಎರಡು ಪಕ್ಷವಾಗಿರುತ್ತದೆ. ಅದು 1965ರಲ್ಲಿ ಬಂದ ಪುಸ್ತಕ. ಹರೆಯದಲ್ಲಿ ಅದನ್ನು ಓದಿದವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಆದರೂ ಕಾತ್ಯಾಯಿನಿಯ ಮಾತು ಬಂದರೆ ಯಾರೂ ಸುಮ್ಮನಿರುವುದಿಲ್ಲ. ಗಂಡ ಕಪಿಲೆಯ ಪಾಲಾದ ಮೇಲೆ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ ಬಂದು ಕಾಲೇಜು ಓದುವ ಹುಡುಗಿ ಆಕೆ. ಅಲ್ಲಿನ ಅಧ್ಯಾಪಕ ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗ ಚೀನಿ ಮಾವ ಶ್ರೀನಿವಾಸ ಶ್ರೋತ್ರಿಗಳ ಮನೆಯಲ್ಲೇ ಉಳಿಯುತ್ತಾನೆ. ಮುಂದೆ ಮತ್ತೆ ಮತ್ತೆ ಬಸಿರು ನಿಲ್ಲದೆ, ಮನಸ್ಸೂ ಮೈಯೂ ಸೋತು ಸಾಯುತ್ತಾಳೆ. ಒಳಗೆ ಕೊರೆಯುತ್ತಿದ್ದ ಅಪರಾಧಿಭಾವವೇ ಅವಳನ್ನು ಕೊಂದಿತೋ, ಮರುಮದುವೆಯಾದ ಹೆಣ್ಣಿಗೆ ಕಾದಂಬರಿ ಕೊಟ್ಟ ಶಿಕ್ಷೆಯೋ ಅದು?

ನಾನು ಕಾತ್ಯಾಯಿನಿಯ ಪಕ್ಷ. ಇಷ್ಟು ದೊಡ್ಡ ಪ್ರಶ್ನೆ ಎತ್ತಿದ ಕಾದಂಬರಿ ಅವಳಿಗೆ ಬದುಕಲು ಒಂದು ದಾರಿಯನ್ನಾದರೂ ಬಿಡಬೇಕಿತ್ತು ಎಂದು ವಾದಿಸುತ್ತ ಬಂದಿದ್ದೇನೆ. ಎದುರು ಪಕ್ಷದ ಗೆಳೆಯರೊಬ್ಬರು ಪುಸ್ತಕ ತೆರೆದುಕೊಂಡೇ ಕೂರುವವರು. ಶ್ರೀನಿವಾಸ ಶ್ರೋತ್ರಿಗಳನ್ನು ಕಾದಂಬರಿ ಬಿಟ್ಟಿದೆಯೇ ಎನ್ನುತ್ತಾರೆ ಅವರು. ಇಡೀ ಬಾಳು ವಂಶದ ಹೆಸರಿನಲ್ಲಿ ಸಂಯಮ ಹಿಡಿದ ಮನುಷ್ಯ, ಕೊನೆಗಾಲದಲ್ಲಿ ತಾನೇ ಆ ವಂಶದ ರಕ್ತವಲ್ಲ ಎಂದು ತಿಳಿಯುತ್ತಾನೆ. ಕಾತ್ಯಾಯಿನಿ ಯಾವುದಕ್ಕೆ ಹೆದರಿ ಬೆಂದಳೋ ಅದರ ಬುಡವನ್ನೇ ಕತ್ತರಿಸಿದ ಮೇಲೂ ಲೇಖಕರು ಸಂಪ್ರದಾಯದ ಕಡೆ ನಿಂತರು ಎನ್ನುವುದು ಹೇಗೆ? ಈ ಮಾತಿಗೆ ಬಲವಿದೆ. ಆದರೆ ಶ್ರೋತ್ರಿಗಳಿಗೆ ಎಲ್ಲವನ್ನೂ ಬಿಟ್ಟು ಹೊರಡುವ ದಾರಿ ಇತ್ತು, ರಾಜನ ಅಣ್ಣ, ಸಂಶೋಧಕ ಸದಾಶಿವರಾಯರ ಹಿಂದೆ ಅವರು ಬರೆದ ಗ್ರಂಥಗಳಾದರೂ ಉಳಿದವು. ಕಾತ್ಯಾಯಿನಿಗೆ ಏನು ಉಳಿಯಿತು ಎಂದು ನಾನು ಕೇಳುತ್ತೇನೆ. ಅಲ್ಲಿಗೆ ವಾದ ಮುಗಿಯುವುದಿಲ್ಲ, ಮುಂದಿನ ಸಲಕ್ಕೆ ನಿಲ್ಲುತ್ತದೆ.

ಹೀಗೊಂದು ಸಲ ವಾದ ಏರಿದ್ದಾಗ, ಅಲ್ಲಿಯವರೆಗೆ ತುಟಿ ಬಿಚ್ಚದ ಒಬ್ಬ ಹಿರಿಯ ಓದುಗಿತಿ ಕೇಳಿದರು: ‘ನಾಗಲಕ್ಷ್ಮಿಯ ಬಗ್ಗೆ ಯಾಕೆ ಒಬ್ಬರೂ ಮಾತಾಡುವುದಿಲ್ಲ?’ ಸದಾಶಿವರಾಯರ ಮೊದಲ ಹೆಂಡತಿ ನಾಗಲಕ್ಷ್ಮಿ. ಗಂಡ ತನ್ನ ಸಂಶೋಧನೆಗೆ ಜೊತೆಯಾಗುವ ಕರುಣಾರತ್ನೆಯನ್ನು ಮದುವೆಯಾದಾಗ ಅವಳು ಯಾರೊಂದಿಗೂ ವಾದ ಮಾಡುವುದಿಲ್ಲ. ವಾದ ಮಾಡುವ ಪಾತ್ರಗಳ ಪಕ್ಷವನ್ನಷ್ಟೇ ನಾವು ಹಿಡಿಯುತ್ತೇವೆ, ಮಾತು ಬಾರದವರು ಕಾದಂಬರಿಯೊಳಗೂ ಹೊರಗೂ ಒಬ್ಬಂಟಿಗಳು ಎಂದರು ಆ ಹಿರಿಯರು. ಆ ವಾರ ನಾನು ‘ವಂಶವೃಕ್ಷ’ವನ್ನು ಮತ್ತೆ ಹಿಡಿದೆ. ಈ ಸಲ ಅಡುಗೆಮನೆಯ ಕಡೆಯಿಂದ ಓದಿದೆ. ಅದು ಬೇರೆಯೇ ಪುಸ್ತಕವಾಗಿತ್ತು. ಓದುವ ಗೆಳೆಯರಿಂದ ನನಗೆ ಬೇಕಾದದ್ದು ಇದು. ‘ಅದ್ಭುತ ಕೃತಿ’ ಎನ್ನುವ ಮಾತು ನನಗೆ ಏನನ್ನೂ ಕೊಡುವುದಿಲ್ಲ. ಯಾವ ಪುಟದಲ್ಲಿ ನಿಮಗೆ ಸಿಟ್ಟು ಬಂತು, ಎಲ್ಲಿ ಪುಸ್ತಕ ಮಡಿಚಿಟ್ಟಿರಿ ಎಂದು ಹೇಳಿದರೆ ನಾನೂ ಆ ಪುಟಕ್ಕೆ ಹೋಗಬಲ್ಲೆ.

ದೊಡ್ಡವರು ಮೆಚ್ಚಿದ ಪುಸ್ತಕದ ಎದುರು ಎಷ್ಟೋ ಜನ ಓದುಗರು ಬಾಯಿ ಕಟ್ಟಿಕೊಳ್ಳುತ್ತಾರೆ. ಇದು ನನಗೆ ನಿಜವಾಗಿ ನೋವಿನ ವಿಷಯ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1977ರ ಜ್ಞಾನಪೀಠ ಪಡೆದ ಕೃತಿ. ಹಾಗಾಗಿ ಅದು ಎಳೆದಂತೆ ಅನಿಸಿತು ಎನ್ನಲು ಜನ ಅಂಜುತ್ತಾರೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಕಾರಂತರ ವಿಧವೆಯರಲ್ಲಿ ಮೂಕಜ್ಜಿಗಿಂತ ‘ಮರಳಿ ಮಣ್ಣಿಗೆ’ಯ ಸರಸೋತಿ ದೊಡ್ಡವಳು. ಮೂಕಜ್ಜಿ ಕಾಣುತ್ತಾಳೆ, ನುಡಿಯುತ್ತಾಳೆ, ಮೊಮ್ಮಗ ಸುಬ್ಬರಾಯ ಕೇಳುತ್ತಾನೆ. ಸರಸೋತಿ ದುಡಿಯುತ್ತಾಳೆ. ಅಣ್ಣ ರಾಮ ಐತಾಳ ಪೌರೋಹಿತ್ಯಕ್ಕೆಂದು ಊರೂರು ತಿರುಗುವಾಗ ಕೋಡಿಯ ಆ ಮನೆಯನ್ನೂ ಗದ್ದೆಯನ್ನೂ ಹೊತ್ತವರು ಅವಳು ಮತ್ತು ಅತ್ತಿಗೆ ಪಾರೋತಿ. ಇದನ್ನು ಹೇಳಿದಾಗ ಕುಂದಾಪುರದ ಕಡೆಯ ಗೆಳತಿಯೊಬ್ಬಳು, ಕಡಲು ಮತ್ತು ಹೊಳೆಯ ನಡುವಿನ ಮರಳುನೆಲದಲ್ಲಿ ಬೆಳೆ ತೆಗೆಯುವುದೆಂದರೇನು ಎಂದು ತನ್ನ ಅಜ್ಜಿಯ ಕೆಲಸವನ್ನು ನೆನೆದು ಬಹಳ ಹೊತ್ತು ಹೇಳಿದಳು. ಬಯಲುಸೀಮೆಯ ನನಗೆ ಪುಸ್ತಕವೊಂದರಿಂದಲೇ ಅಷ್ಟು ಸಿಕ್ಕುತ್ತಿರಲಿಲ್ಲ. ಮೂಕಜ್ಜಿಯ ಪರವಾಗಿ ಬಂದ ಉತ್ತರವೂ ಗಟ್ಟಿಯಾಗಿತ್ತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವಳು ದೇವರ ಬಗ್ಗೆ, ಗಂಡು ಹೆಣ್ಣಿನ ಕೂಟದ ಬಗ್ಗೆ ಅಷ್ಟು ನಿರ್ಭಯವಾಗಿ ನುಡಿಯುವುದೇ ಒಂದು ದುಡಿಮೆಯಲ್ಲವೇ ಎಂದು.

ಇನ್ನೊಂದು ಪುಸ್ತಕದ ಕತೆ ಹೇಳಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಪುಟಗಳ ಲೆಕ್ಕದಲ್ಲಿ ಚಿಕ್ಕದು. ಆದರೆ ಅದರ ನಂಜನಗೂಡು ಸೀಮೆಯ ಆಡುಮಾತಿಗೆ ಅಂಜಿ ಅರ್ಧಕ್ಕೆ ನಿಲ್ಲಿಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಜೊತೆ ಓದುವ ಆ ಕಡೆಯ ಹುಡುಗನೊಬ್ಬ ಒಂದು ಸಂಜೆ ಅದರ ಮೊದಲ ಪುಟಗಳನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿದ. ಹಟ್ಟಿಯ ಜಗಲಿಯಲ್ಲಿ ಕುಳಿತು ಮಾತಾಡಿದ ಹಾಗೆ ಓದಿದ. ಕಣ್ಣಿಗೆ ಕಟ್ಟಾಗಿದ್ದ ವಾಕ್ಯ ಕಿವಿಗೆ ಬಿಡಿಸಿಕೊಂಡಿತು. ದೀಪದ ಜೋತಮ್ಮಗಳು ಕೂತು ಕಷ್ಟಸುಖ ಹೇಳಿಕೊಳ್ಳುವುದು, ಮಂಚ ಬಾಯಿಬಿಡುವುದು, ಯಾವುದೂ ಆಮೇಲೆ ವಿಚಿತ್ರ ಅನಿಸಲಿಲ್ಲ. ಓದಿ ಮುಗಿಸಿ ಅವನೇ ಕೇಳಿದ: ‘ಇದೂ ವಂಶದ ಕತೆಯೇ ಅಲ್ವಾ ಸಾರ್?’

ಹೌದು. ಮೇಲುಜಾತಿಯ ಕುಸುಮೆಯ ಮಗುವಿನ ತಂದೆ ದಲಿತ ಹುಡುಗ ಚೆನ್ನ, ಅದಕ್ಕಾಗಿ ಅವನ ಕೊಲೆಯಾಗುತ್ತದೆ. ಅದೇ ನಂಜನಗೂಡು, ಎರಡು ಪುಸ್ತಕಗಳ ನಡುವೆ ಹತ್ತೊಂಬತ್ತು ವರ್ಷ, ಎರಡರಲ್ಲೂ ರಕ್ತ ಯಾರದೆಂಬ ಪ್ರಶ್ನೆ. ಒಂದರಲ್ಲಿ ಆ ಸತ್ಯ ತಿಳಿದ ಮುದುಕ ಮನೆ ಬಿಟ್ಟು ಹೊರಡುತ್ತಾನೆ, ಇನ್ನೊಂದರಲ್ಲಿ ಹುಡುಗನ ಪ್ರಾಣವೇ ಹೋಗುತ್ತದೆ. ಶ್ರೋತ್ರಿಯನ್ನೂ ಚೆನ್ನನನ್ನೂ ಒಟ್ಟಿಗೆ ಇಟ್ಟು ಓದಬೇಕೆಂದು ನನಗೆ ತೋರಿಸಿಕೊಟ್ಟವನು ಆ ಹುಡುಗ.

ಈಗ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಓದೋಣ ಎಂದು ನಾನೇ ಹಟ ಹಿಡಿದಿದ್ದೇನೆ. ಮಂಗಳೂರಿನಲ್ಲಿ 1899ರಲ್ಲಿ ಅಚ್ಚಾದ ಪುಸ್ತಕ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು. ಅದರ ಇಂದಿರೆಯೂ ಎಳೆಯ ವಿಧವೆ. ಅವಳು ಮನೆಯ ಹಿಂಸೆಯಿಂದ ತಪ್ಪಿಸಿಕೊಳ್ಳುತ್ತಾಳೆ, ಓದುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ, ಬದುಕುತ್ತಾಳೆ! ಕಾತ್ಯಾಯಿನಿಗೆ ಸಿಗದೇ ಹೋದದ್ದು ಅರವತ್ತಾರು ವರ್ಷ ಮೊದಲೇ ಇಂದಿರೆಗೆ ಹೇಗೆ ಸಿಕ್ಕಿತು? ಸುಧಾರಣೆಯ ಉತ್ಸಾಹದಲ್ಲಿ ಬರೆದದ್ದು, ಮನಸ್ಸಿನ ಆಳಕ್ಕೆ ಇಳಿದಿಲ್ಲ, ಅದಕ್ಕೇ ಸುಖಾಂತ ಸುಲಭವಾಯಿತು ಎಂದು ಪುಸ್ತಕ ತೆರೆದುಕೊಂಡು ಕೂರುವ ಆ ಗೆಳೆಯರು ಈಗಾಗಲೇ ಬರೆದು ಕಳಿಸಿದ್ದಾರೆ. 1899ರ ಮಂಗಳೂರಿನಲ್ಲಿ ಅಂಥ ಸುಖಾಂತ ಬರೆಯುವುದು ಸುಲಭವಾಗಿತ್ತೇ ಎಂದು ನಾನು ಉತ್ತರ ಬರೆಯುತ್ತಿದ್ದೇನೆ. ನಾಗಲಕ್ಷ್ಮಿಯನ್ನು ನೆನಪಿಸಿದ ಹಿರಿಯರು ಮಾತ್ರ, ಮೊದಲು ಎಲ್ಲರೂ ಓದಿ ಮುಗಿಸಿ, ಆಮೇಲೆ ನನ್ನದೂ ಒಂದು ಮಾತಿದೆ ಅಂದಿದ್ದಾರೆ.